ಬೆಳ್ಳಿಯ ಎಡಗಾಲು

ಹಲೋ... ಯಾರು?... ಹಲೋ, ಸ್ವಲ್ಪ ಜೋರಾಗಿ ಮಾತಾಡಿ, ಹೊರಗೆ ಗಾಳಿ ಬೀಸ್ತಿದೆ. ಯಾರು ಬೇಕಾಗಿತ್ತು?

…

ಹಾಂ, ಸ್ಕಾರ್ಲಾಟು ಮನೆಯೇ. ತಾವು ಯಾರು?... ಕರೆಂಟ್ ಕಂಪನಿಯವರಾದ್ರೆ ಮೊದಲೇ ಹೇಳಿಬಿಡ್ತೀನಿ, ನಮಗೆ ಯಾವ ಹೊಸ ಯೋಜನೆಯೂ ಬೇಡ. ಇಬ್ಬರು ಮುದುಕಿಯರು, ಒಂದು ದೀಪ. ಅದನ್ನೂ ಬೇಗ ಆರಿಸ್ತೀವಿ.

…

ಎಲ್ಲಿಂದ?... ಇನ್ನೊಂದ್ಸಲ ಹೇಳು ಮಗಳೇ.

…

ಆಸ್ಪತ್ರೆಯಿಂದ. ಮೂಳೆ ವಿಭಾಗದಿಂದ... ಅಮ್ಮಾ, ಪನಯೀಯ ತಾಯಿ, ದೇವಮಾತೆ. ತಡಿ, ನಾನು ಮೊದಲು ಕೂತ್ಕೋತೀನಿ... ಅಯ್ಯೋ, ಕೂತೇ ಇದ್ದೀನಲ್ಲ. ನಿನ್ನ ಫೋನು ಬರ್ಲಿ ಅಂತ ದಿನಾ ಇಲ್ಲೇ ಕೂರೋದು ನಾನು. ಕೊರೋನಾ ಶುರುವಾಗಿ, ಆಪರೇಷನ್ನು, ಕೊಯ್ಯೋದು ಎಲ್ಲ ನಿಲ್ಲಿಸಿದ್ದೀವಿ, ಕರೆ ಬರುತ್ತೆ ಕಾಯ್ತಿರಿ ಅಂದ್ರಲ್ಲ ನೀವು, ಆವತ್ತಿಂದ ಕಾಯ್ತಿದ್ದೀನಿ. ಕುರ್ಚಿ ಸವೆದು ಹೋಗಿದೆ. ಏನಂದೆ, ಸರದಿ ಬಂದಿದ್ಯಾ?

…

ಬಂದಿದೆ. ಬಂದಿದೆ ಅಂದ್ಲು... ಇಲ್ಲ, ನಿನಗಲ್ಲ, ಗೋಡೆಗೆ ಹೇಳ್ದೆ. ಇನ್ನೊಂದ್ಸಲ ಹೇಳ್ತೀಯಾ? ಕಿವಿ ಕೇಳ್ಸುತ್ತೆ ನಂಗೆ, ಸುಮ್ನೆ ಕೇಳೋಕೆ ಚೆನ್ನಾಗಿದೆ.

…

ನಾಡಿದ್ದಾ?... ಅಲ್ಲ, ಇಷ್ಟು ವರ್ಷ ಕಾಯಿಸಿ ನಾಡಿದ್ದು ಅಂತೀಯಲ್ಲ. ಏನು, ಡಾಕ್ಟರಿಗೆ ಬೇರೆ ಕೆಲಸ ಇಲ್ವಾ?

…

ಹಾಂ... ಹಾಂ... ಪಾಪ. ಜ್ವರ ಜಾಸ್ತಿನಾ ಅವರಿಗೆ?... ಸರಿ, ಕೊರೋನಾ ಬಂದವರನ್ನ ಕೊಯ್ಯಲ್ಲ, ಅವರ ಜಾಗ ಖಾಲಿ, ಅದು ನಮಗೆ. ಅವರ ಹೆಸರು ಹೇಳು, ಅವರಿಗೂ ಒಂದು ಮೇಣದಬತ್ತಿ ಹಚ್ತೀನಿ... ಹೇಳೋ ಹಾಗಿಲ್ವಾ. ಪರವಾಗಿಲ್ಲ, ಹೆಸರಿಲ್ಲದೇ ಹಚ್ತೀನಿ, ತಾಯಿಗೆ ಗೊತ್ತಿರುತ್ತೆ.

…

ನಾಳೆಯ ಹಡಗಿಗೇ ಬರಬೇಕು, ಬಂದ ಕೂಡಲೇ ಮೂಗಿನ ಪರೀಕ್ಷೆ. ಗೊತ್ತಾಯ್ತು. ನಿನ್ನ ಹೆಸರೇನು ಮಗಳೇ?... ಮಿರ್ಸಿನಿ. ಒಳ್ಳೆಯ ಹೆಸರು. ಮಿರ್ಸಿನಿ, ನಿಂಗೆ ಅಂಜೂರದ ಹಣ್ಣಿನ ಪಾಕ ಇಷ್ಟಾನಾ? ಎರಡು ಡಬ್ಬಿ ತರ್ತೀನಿ. ಡಾಕ್ಟರಿಗೂ. ಒಂದು ಕೇಳ್ತೀನಿ, ನಗಬಾರದು. ಕೊಯ್ದ ಮೇಲೆ ಮಂಡಿ ಊರಬಹುದಾ? ಉಪವಾಸ ಕಾಲಕ್ಕೆ ಮುಂಚೆ ಆತ್ಮಗಳ ಶನಿವಾರ ಬರುತ್ತಲ್ಲ, ಅಷ್ಟರೊಳಗೆ?

…

ನೃತ್ಯಕ್ಕಲ್ಲ ಮಗಳೇ, ನನ್ನ ಗಂಡನ ಎಲುಬು ಗೋರಿಯಿಂದ ತೆಗೆಯೋಕೆ... ಹೆದರ್ಕೊಂಡ್ಯಾ? ನಿಮ್ಮ ಪಟ್ಟಣದಲ್ಲಿ ಹೂತ ಮೂರು ವರ್ಷಕ್ಕೆ ತೆಗೆಯಲ್ವಾ?

…

ತೆಗೀತಾರೆ, ಆದ್ರೆ ಪುರಸಭೆಯ ಆಳುಗಳು. ಕೈಗವಸು ಹಾಕ್ಕೊಂಡು. ಅದೇ ಅದೇ, ಅದೇ ಆಗಬಾರದು ಅಂತ ನಾನು ಇಲ್ಲಿ ಕೂತಿರೋದು. ನಮ್ಮಲ್ಲಿ ಗುಂಡಿ ಅಗೆಯೋನು ಅಗೆದು ಬದಿಗೆ ನಿಲ್ತಾನೆ, ಮನೆಯ ಹೆಂಗಸರು ಮಂಡಿಯೂರಿ ಕೈ ಚಾಚಬೇಕು. ಮೊದಲು ತಲೆ ಬರುತ್ತೆ. ಅದನ್ನ ಒಬ್ಬರ ಕೈಗೇ ಕೊಡೋದು. ಅವರು ಮುತ್ತಿಟ್ಟು, ವೈನಿನಲ್ಲಿ ತೊಳೆದು, ಬಿಳಿ ಬಟ್ಟೆ ಮೇಲೆ ಇಡ್ತಾರೆ. ಆಮೇಲೆ ಉಳಿದದ್ದು. ನನ್ನ ಅನೆಸ್ತಿಸ್ ಮಹಾ ನಾಚಿಕೆ ಸ್ವಭಾವದವನು. ಡಾಕ್ಟರ ಮುಂದೆ ಅಂಗಿ ಬಿಚ್ಚೋಕೆ ಹಿಂದೆ ಮುಂದೆ ನೋಡ್ತಿದ್ದ. ಈಗ ಮೂರು ವರ್ಷ ಆದ್ಮೇಲೆ ಎದ್ದು ಬಂದಾಗ ಕೈಗವಸು ಹಾಕಿದ ಆಳು ಎದುರಿಗೆ ನಿಂತಿದ್ರೆ ಏನಂದ್ಕೊಂಡಾನು? ಎಲ್ಲಿ ನನ್ನ ಹೆಂಗಸರು ಅನ್ನಲ್ವಾ?

…

ಕೇಳ್ಕೊಂಡು ಬಾ, ಡಾಕ್ಟರನ್ನೇ ಕೇಳ್ಕೊಂಡು ಬಾ. ನಾನೆಲ್ಲಿಗೆ ಹೋಗ್ತೀನಿ...

…

ಹಾಂ, ಇದ್ದೀನಿ... ಏನಂದ್ರು?... ಹೇಳಿದ ಹಾಗೆ ಕೇಳಿದ್ರೆ, ಮೆತ್ತಗೆ ಏನಾದ್ರೂ ಹಾಕ್ಕೊಂಡು, ಯಾರನ್ನಾದ್ರೂ ಹಿಡ್ಕೊಂಡು ಊರಬಹುದು. ಹಿಡ್ಕೊಳ್ಳೋಕೆ ಜನ ಇದ್ದಾರೆ. ಓ, ಇದ್ದಾರೆ. ನನ್ನ ನಾದಿನಿ ಇದ್ದಾಳೆ, ಪೊಲಿಕ್ಸೆನಿ, ಅನೆಸ್ತಿಸ್‌ನ ತಂಗಿ. ಅವಳ ಮುಖ ನೋಡಬೇಕು ಇವತ್ತು. ಬೆಳ್ಳಿ ಕಾಲು ಕಟ್ಟಿದ್ದಕ್ಕೆ ನನ್ನನ್ನ ಎಷ್ಟು ಆಡ್ಕೊಂಡಿದ್ದಾಳೆ ಗೊತ್ತಾ.

…

ಹರಕೆಗೆ ಚರ್ಚಿನಲ್ಲಿ ತಾಯಿಯ ಪಟಕ್ಕೆ ಕಟ್ತೀವಲ್ಲ, ಕಣ್ಣು ನೋವಿಗೆ ಬೆಳ್ಳಿ ಕಣ್ಣು, ಕೈಗೆ ಕೈ. ನಾನು ಕಾಲು ಕಟ್ಟಿದೆ. ಆಗ ಲಾಕ್‌ಡೌನ್, ಬಾಗಿಲು ದಾಟೋಕೆ ಅಪ್ಪಣೆ ಕೇಳ್ಬೇಕಿತ್ತಲ್ಲ, ಮೊಬೈಲಿಂದ ಸಂದೇಶ ಕಳಿಸಿ? ಔಷಧಿಗೆ ಒಂದು ಅಂಕಿ, ಅಂಗಡಿಗೆ ಒಂದು, ವ್ಯಾಯಾಮಕ್ಕೆ ಒಂದು. ಚರ್ಚಿಗೆ ಯಾವುದು ಅಂತ ಗೊತ್ತಾಗ್ಲಿಲ್ಲ, ವ್ಯಾಯಾಮ ಅಂತ ಒತ್ತಿದ್ವಿ. ನಾವಿಬ್ಬರು ನಡೆಯೋದು ನೀನು ನೋಡ್ಬೇಕು ಮಿರ್ಸಿನಿ. ನಂಗೆ ಒಂದು ಸೊಂಟ ಕೆಟ್ಟಿದೆ, ಅವಳಿಗೆ ಇನ್ನೊಂದು. ಕೆಟ್ಟ ಕಾಲು ಎರಡನ್ನೂ ನಡುವೆ ಹಾಕ್ಕೊಂಡು, ತೋಳಿಗೆ ತೋಳು ಹೆಣೆದು, ಒಳ್ಳೆ ಕಾಲು ಎರಡೂ ಆ ಕಡೆ ಈ ಕಡೆ. ಇಬ್ಬರೂ ಸೇರಿದ್ರೆ ಒಬ್ಬ ಪೂರ್ತಿ ಹೆಂಗಸು. ಪೊಲೀಸ್ ಹುಡುಗ ತಡೆದ. ನಮ್ಮನ್ನ ನೋಡ್ದ, ಮೊಬೈಲ್ ನೋಡ್ದ, ಇದು ಯಾವ ವ್ಯಾಯಾಮ ಅಜ್ಜಿ ಅಂದ. ಪೊಲಿಕ್ಸೆನಿ, "ಓಟದ ಪಂದ್ಯ ಹತ್ತಿರ ಬಂತು, ದಾರಿ ಬಿಡು" ಅಂದ್ಲು.

…

ನಗು, ನಗು. ನಾವೂ ಚರ್ಚಿನವರೆಗೂ ನಕ್ಕೊಂಡು ಹೋದ್ವಿ, ಬೀಳೋದೊಂದು ಬಾಕಿ... ಹಾಂ? ಏನು ಖಚಿತ ಮಾಡ್ಬೇಕು?... ಕೇಳು.

…

ಹಾಂ, ಸ್ಕಾರ್ಲಾಟು. ಇದೇ ನಂಬರು. ಸೊಂಟದ ಕೀಲು ಬದಲಾಯಿಸೋದು, ಹೌದು.

…

ಎಡನಾ?

…

ಎಡ ಅಂದ್ಯಾ?... ಇಲ್ಲ ಮಗಳೇ, ನಂದು ಬಲ. ಸರಿಯಾಗಿ ನೋಡು. ಬಲಗಾಲು, ಎವಂಥಿಯಾ ಸ್ಕಾರ್ಲಾಟು... 

…

ಓ.

…

ಪೊಲಿಕ್ಸೆನಿ ಅಂತ ಬರೆದಿದ್ಯಾ.

…

ಇಲ್ಲ, ಇದ್ದೀನಿ. ತಪ್ಪು ನಿಂದಲ್ಲ. ಮನೆಯೊಂದೇ, ಫೋನೊಂದೇ, ಹೆಸರಿನ ಬಾಲವೂ ಒಂದೇ. ನೀನು ಸ್ಕಾರ್ಲಾಟು ಅಂದೆ, ನಾನು ಹಾರಿಬಿಟ್ಟೆ. ಕೂತಲ್ಲೇ ಹಾರಿದೆ. ಹಾಂ... ಒಂದು ನಿಮಿಷ ಕೊಡು.

…

ಅಳ್ತಿಲ್ಲ ಮಗಳೇ, ನಗ್ತಿದ್ದೀನಿ. ನಿಜವಾಗ್ಲೂ ನಗು. ಯಾಕೆ ಅಂತೀಯಾ? ಆ ಕಾಲು ಎಡಗಾಲು. ಬೆಳ್ಳಿದು. ಚರ್ಚಿನ ಅಂಗಡಿಯವಳು ಕಿಟಕಿಯಿಂದ ಕೈ ಚಾಚಿ ಕೊಟ್ಟದ್ದನ್ನ ತಂದೆ, ಮಾಸ್ಕ್ ಹಾಕ್ಕೊಂಡಿದ್ರೆ ಕನ್ನಡಕದ ತುಂಬ ಹಬೆ, ಏನು ಕಾಣುತ್ತೆ? ಮನೆಗೆ ಬಂದ್ಮೇಲೆ ಪೊಲಿಕ್ಸೆನಿ ಬೆಳಕಿಗೆ ಹಿಡಿದು, ಹೆಬ್ಬೆರಳು ಯಾವ ಕಡೆ ಇದೆ ನೋಡು ಅತ್ತಿಗೆ, ಇದು ಎಡಗಾಲು, ನಂಗೆ ತಂದ್ಯಾ ಅಂದ್ಲು. ವಾಪಸ್ ಕೊಡೋಕೆ ಹೋದ್ರೆ ಅಂಗಡಿ ಮುಚ್ಚಿತ್ತು, ಇದ್ದಿದ್ದೂ ಅದೊಂದೇ ಅಚ್ಚಂತೆ. ಅದಕ್ಕೆ ನಾನೇ ಯೋಚನೆ ಮಾಡ್ದೆ. ತೆಳು ತಗಡು ಅಲ್ವಾ, ಮುಂದೆ ಉಬ್ಬು, ಹಿಂದೆ ಗುಳಿ. ಮುಂದಿನಿಂದ ನೋಡಿದ್ರೆ ಎಡ, ಹಿಂದಿನಿಂದ ನೋಡಿದ್ರೆ ಬಲ. ತಾಯಿಯ ಪಟಕ್ಕೆ ಒರಗಿಸಿ ಕಟ್ಟಿದ್ರೆ ಮುಂದಿನ ಭಾಗ ನಮಗೆ, ಹಿಂದಿನ ಭಾಗ ತಾಯಿಗೆ. ಅವಳಿಗೆ ಬಲಗಾಲೇ ಕಾಣುತ್ತೆ. ಅಲ್ವಾ?

…

ನೋಡು, ನೀನೂ ಒಪ್ಪಿದೆ. ಪೊಲಿಕ್ಸೆನಿ ಒಪ್ಪಲೇ ಇಲ್ಲ. ಬೇಯಿಸುವಾಗ ಅದೇ ಮಾತು, ಉಣ್ಣುವಾಗ ಅದೇ ಮಾತು. ಈಗ ತಾಯಿ ತೀರ್ಪು ಕೊಟ್ಟೇಬಿಟ್ಟಳು. ಎಡ ಅಂದ್ರೆ ಎಡ.

…

ಅವಳೇ ಹೇಳ್ಬೇಕಾ? ಅವಳ ಬಾಯಿಂದಲೇ?... ನಾನು ಹೂಂ ಅಂದ್ರೆ ಸಾಲಲ್ವಾ, ಅತ್ತಿಗೆ ನಾನು... ಸರಿ, ನಿಯಮ ಅಂದ್ಮೇಲೆ ನಿಯಮ. ಈಗಲೇನಾ?... ಇಲ್ಲಾಂದ್ರೆ ಮುಂದಿನವರಿಗೆ ಕೊಟ್ಟುಬಿಡ್ತೀಯಾ. ಆಮೇಲೆ ಮತ್ತೆ ಯಾವಾಗ ಬರುತ್ತೆ?... ಗೊತ್ತಿಲ್ಲ. ಹಾಂ. ನಿಂಗೇ ಗೊತ್ತಿಲ್ಲ ಅಂದ್ರೆ ದೂರವೇ.

…

ಇದ್ದಾಳೆ, ಅಂಗಳದಲ್ಲಿ. ಕಷ್ಟ ಅದೇ ಮಗಳೇ. ಬೆಳಿಗ್ಗೆ ನನ್ನನ್ನ ಇಲ್ಲಿ ತಂದು ಕೂರಿಸಿ ಅವಳು ಗೋಡೆ ಹಿಡ್ಕೊಂಡು ಆಚೆ ಹೋಗ್ತಾಳೆ. ಅವಳು ಬರೋವರೆಗೂ ನಾನು ಏಳೋ ಹಾಗಿಲ್ಲ. ಇದು ತಂತಿಯ ಫೋನು, ಬಾಗಿಲವರೆಗೂ ಬರಲ್ಲ. ಕೂಗ್ತೀನಿ, ಕಿವಿಯಿಂದ ದೂರ ಇಟ್ಕೋ... ಪೊಲಿಕ್ಸೆನಿ! ಏ ಪೊಲಿಕ್ಸೆನಿ! ಆಸ್ಪತ್ರೆಯಿಂದ ಫೋನು!

…

ಕೇಳಿಸ್ತು ಅವಳಿಗೆ. ಬಂತಾ ನಿನ್ನ ಸರದಿ, ನಿನ್ನ ತಾಯಿಗೆ ಕೊನೆಗೂ ಕಣ್ಣು ಕಾಣಿಸ್ತಾ ಅಂತ ಕೇಳ್ತಿದ್ದಾಳೆ... ನಂದಲ್ವೇ, ನಿಂದು! ಎಡ!

…

ಗೋಡೆ ಹಿಡ್ಕೊಂಡಳು. ಹಾಗೇ ನಿಂತಿದ್ದಾಳೆ. ಮಿರ್ಸಿನಿ, ಇಟ್ಟುಬಿಡಬೇಡ. ಅವಳು ಬರೋದು ಸ್ವಲ್ಪ ತಡ ಆಗುತ್ತೆ, ಅಷ್ಟರಲ್ಲಿ ನಿಂಗೊಂದು ಮಾತು ಹೇಳ್ಬೇಕು, ಅವಳ ಕಿವಿಗೆ ಬೀಳದ ಹಾಗೆ. ನೀನು ನನ್ನ ಮೇಲೆ ಬೇಜಾರಾಗ್ಬೇಡ.

…

ತಲೆ ಒಬ್ಬರ ಕೈಗೇ ಕೊಡೋದು ಅಂದೆನಲ್ಲ. ಆ ಒಬ್ಬರು ಯಾರು ಅಂತ ನಮ್ಮಿಬ್ಬರಿಗೂ ಅವನನ್ನ ಮಣ್ಣಿಗಿಟ್ಟ ದಿನದಿಂದ ಜಗಳ. ನಾನು ಹೆಂಡತಿ ಅಂತೀನಿ. ಹೆಂಡತಿ ಆಮೇಲೆ ಬಂದವಳು, ನಾನು ಒಂದೇ ಹಾಲು ಕುಡಿದವಳು ಅಂತಾಳೆ ಅವಳು. ಪಾದ್ರಿ ಲಾಂಬ್ರೊಸ್ ಹತ್ತಿರ ಹೋದ್ವಿ. ಅವರು ನಮ್ಮ ಕಾಲು ನೋಡಿ, ಯಾರು ಮೊದಲು ಮಂಡಿ ಊರ್ತೀರೋ ಅವರ ಕೈಗೆ, ಈಗ ಹೊರಡಿ ಅಂದ್ರು. ಅವತ್ತಿಂದ ಇದು ಪಂದ್ಯವೇ ಆಗಿದೆ. ಇಬ್ಬರ ಹೆಸರೂ ನಿನ್ನ ಸಾಲಿನಲ್ಲಿ. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ತೋಳು ಹಿಡಿದು ನಡೆದು, ಯಾರ ಫೋನು ಮೊದಲು ಬರುತ್ತೆ ಅಂತ ಕಾಯೋದು.

…

ಹೌದು, ಅವಳೇ ಗೆದ್ದಳು. ಅದೇ ಹೇಳೋಕೆ ಹೊರಟಿದ್ದು. ಎಡ ಅಂದ ಕೂಡಲೇ ನಾನು ಸೋತೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನಗು ಬಂತು. ಯಾಕೆ ಗೊತ್ತಾ? ಅನೆಸ್ತಿಸ್ ಹೇಳ್ತಿದ್ದ, ಅವಳು ಪುಟ್ಟವಳಿದ್ದಾಗ ದ್ರಾಕ್ಷಿ ತೋಟಕ್ಕೆ ಇವನ ಹೆಗಲ ಮೇಲೇ ಹೋಗ್ಬೇಕಿತ್ತಂತೆ. ಬೀಳ್ತೀನಿ ಅನ್ನೋ ಹೆದರಿಕೆಗೆ ಎರಡು ಕೈಯಲ್ಲೂ ಅವನ ತಲೆ ಗಟ್ಟಿಯಾಗಿ ಹಿಡ್ಕೋತಿದ್ದಳಂತೆ, ಕಣ್ಣೂ ಮುಚ್ಚಿಬಿಡ್ತಿದ್ದಳಂತೆ. ಕಣ್ಣು ಬಿಡೇ ಕತ್ತೆ, ದಾರಿ ಕಾಣಲ್ಲ ಅಂತ ಇವನು ಬೈಕೊಂಡು ನಡೀತಿದ್ದನಂತೆ. ಆ ತಲೆಯನ್ನ ಮೊದಲು ಹಿಡಿದ ಕೈ ಅದು, ಮಿರ್ಸಿನಿ. ಕೊನೆಗೂ ಅದೇ ಹಿಡೀಲಿ. ನಾನು ಪಕ್ಕದಲ್ಲಿ ನಿಂತು ವೈನ್ ಸುರೀತೀನಿ. ನಿಂತು ಸುರಿಯೋಕೆ ಒಂದು ಕಾಲು ಸಾಕು.

…

ಇಲ್ಲ, ಅವಳಿಗೆ ಹೇಳಬೇಡ. ಹೇಳಿದ್ರೆ ಸಾಯೋವರೆಗೂ ಎತ್ತಿ ಆಡ್ತಾಳೆ... ನಂದಾ? ಬರ್ಲಿ ಬಿಡು, ಬಂದಾಗ ಬರ್ಲಿ.

…

ಹೊರಟಳು, ಹೊರಟಳು. ಅಯ್ಯೋ ದೇವರೇ... ಏನಿಲ್ಲ, ನಡೆಯೋ ಕಂಬಿ, ಅದೇ ವಾಕರ್, ಹಿಡ್ಕೊಂಡು ಬರ್ತಿದ್ದಾಳೆ. ಸರ್ಕಾರದವರು ಕೊಟ್ಟಿದ್ರು ನಂಗೆ. ಅದರ ಮೇಲೆ ಅವಳು ಆಕ್ಟೋಪಸ್ ಒಣಗೋಕೆ ಹಾಕ್ತಾಳೆ. ಅದನ್ನ ತೆಗೆಯೋಕೂ ನಿಂತಿಲ್ಲ ಮಗಳೇ, ಹಾಗೇ ಹೊರಟುಬಿಟ್ಟಿದ್ದಾಳೆ. ಕಂಬಿ ಮುಂದೆ ಇಟ್ಟಾಗಲೆಲ್ಲ ಎಂಟು ಕಾಲೂ ತೂಗಾಡ್ತಿವೆ. ಇವಳ ಎರಡೂ ಸೇರಿದ್ರೆ ಹತ್ತು ಕಾಲು, ಒಂದೂ ನೆಟ್ಟಗೆ ನಡೆಯಲ್ಲ... ಬೆಕ್ಕು ಬೇರೆ ಹಿಂದೆ ಬಿದ್ದಿದೆ. ಶೂ, ಹೋಗು... ಇಲ್ಲ, ನಿನಗಲ್ಲ, ಬೆಕ್ಕಿಗೆ.

…

ಬಾಗಿಲಿಗೆ ಬಂದಳು. ಉಸಿರು ಸಿಗ್ತಿಲ್ಲ ಅವಳಿಗೆ. ಏನೋ ಹೇಳ್ತಿದ್ದಾಳೆ, ತಡಿ... ಏನೇ? ಏನು ತಿರುಗಿಸಿದೆ?

…

ಮಿರ್ಸಿನಿ, ಕೇಳು ಇವಳ ಮಾತು. ಆ ಕಾಲನ್ನ ಇವಳು ತಿರುಗಿಸಿ ಕಟ್ಟಿದ್ದಾಳೆ. ಯಾವಾಗೇ?... ಆಗಸ್ಟಿನ ತಾಯಿಯ ಹಬ್ಬಕ್ಕಂತೆ, ನಾನು ದೀಪ ಹಚ್ಚೋಕೆ ನಿಂತಾಗ. ಅಣ್ಣ ಹೋದಾಗಿಂದ ದೇವರ ಜೊತೆ ಮಾತು ಬಿಟ್ಟವಳು ಇವಳು, ಚರ್ಚಿಗೆ ಬಂದ್ರೂ ಕಂಬ ನೋಡ್ಕೊಂಡು ನಿಲ್ತಾಳೆ. ಅಂಥವಳು ಹೋಗಿ, ನೋಡೋರಿಗೆ ಬಲಗಾಲು ಕಾಣ್ಲಿ, ನನ್ನ ಸರದಿ ಬೇಗ ಬರ್ಲಿ ಅಂತ ತಿರುಗಿಸಿದ್ದಾಳೆ. ನಂಗೋಸ್ಕರ... ಏ ಪೆದ್ದಿ, ಉಬ್ಬಿದ ಕಡೆ ತಾಯಿಗೆ ತಿರುಗಿಸಿದ್ರೆ ಅವಳಿಗೆ ಎಡಗಾಲು ತಾನೇ ಕಾಣೋದು? ಈ ಕಡೆಯಿಂದ ನೋಡೋಳು ನೀನು, ಆ ಕಡೆಯಿಂದ ನೋಡೋಳು ಅವಳು. ನಾನು ಬಡ್ಕೊಂಡೆ, ಕೇಳಿದ್ಯಾ?

…

ಹಾಂ, ಹಾಂ, ಹೊತ್ತಾಗ್ತಿದೆ, ಗೊತ್ತು. ಕೊಡ್ತೀನಿ, ಅವಳ ಕೈಗೇ ಕೊಡ್ತೀನಿ. ಮಿರ್ಸಿನಿ, ನಂಗೆ ಇವಳ ಮುಖ ನೋಡಿದ್ರೆ ಹೆದರಿಕೆ, ಇದು ಬೇಡ ಅನ್ನೋ ಮುಖ. ಒಳ್ಳೆ ಮಾತಲ್ಲಿ ಹೇಳು... ಪೊಲಿಕ್ಸೆನಿ, ತಗೋ. ಹೂಂ ಅನ್ನು, ಅಷ್ಟೇ. ಬೇರೇನೂ ಮಾತಾಡಬೇಡ.

…

ಹಲೋ. ಯಾರು?... ಹಾಂ, ಪೊಲಿಕ್ಸೆನಿ ಸ್ಕಾರ್ಲಾಟು, ನಾನೇ. ನನ್ನ ಬಾಯಿಂದಲೇ ಕೇಳ್ಬೇಕಂತಲ್ಲ, ಕೇಳು. ನಂಗೆ ಬೇಡ.

…

ಅತ್ತಿಗೆದು ಬಲ. ಅದನ್ನ ಮಾಡಿ ಮೊದಲು... ಬದಲಾಯಿಸೋಕೆ ಆಗಲ್ವಾ. ಹಾಗಾದ್ರೆ ಮುಂದಿನವರಿಗೆ ಫೋನ್ ಮಾಡು, ಅವರಾದ್ರೂ ಕುಣೀಲಿ. ನೀನು ಇವಳನ್ನ ನೋಡಿಲ್ಲ ಮಗು. ಫೋನು ಹೊಡ್ಕೊಂಡಾಗಲೆಲ್ಲ ಶಿಲುಬೆ ಗುರುತು ಹಾಕ್ಕೊಂಡು ಎತ್ತೋಳು. ಇವಳ ಕಣ್ಣೆದುರಿಗೆ ನಾನು ಮಂಡಿ ಊರಿ, ಇವಳ ಗಂಡನ ತಲೆ ಇಸ್ಕೊಂಡು, ಆಮೇಲೆ ಈ ಮನೆಯಲ್ಲಿ ಹೇಗೆ ಊಟ ಮಾಡ್ಲಿ? ಜಗಳ ಆಡಿದ್ದು ನಿಜ. ಜಗಳ ಆಡೋದು ಬೇರೆ, ಕಸ್ಕೊಳ್ಳೋದು ಬೇರೆ.

…

ಏನಂದ್ಲು?

…

ಯಾರು, ಇವಳಾ?... ಯಾವಾಗ?... ಈಗ? ನಾನು ಅಂಗಳದಲ್ಲಿದ್ದಾಗ?

…

ವೈನ್ ಇವಳು ಸುರೀತೀನಿ ಅಂದ್ಲಾ.

…

ಹೆಗಲು... ಅದನ್ನೂ ಹೇಳಿದ್ಲಾ?

…

ತಡಿ ಮಗು, ಈ ಕಂಬಿಗೆ ಸ್ವಲ್ಪ ಒರಗ್ತೀನಿ.

…

ಕಣ್ಣು ಮುಚ್ತಿದ್ದೆ, ಹೌದು. ಕತ್ತೆ ಅಂತಿದ್ದ. ಅವನ ಕಿವಿಯ ಮೇಲೆ ನನ್ನ ಕೈ ಇರ್ತಿತ್ತು, ನಾನು ಎಷ್ಟು ಕಿರುಚಿದ್ರೂ ಅವನಿಗೆ ಕೇಳ್ಸ್ತಿರ್ಲಿಲ್ಲ... ಏನೇ ಅತ್ತಿಗೆ, ನನ್ನೆದುರಿಗೆ ಹೇಳೋಕೆ ಏನಾಗಿತ್ತು ನಿಂಗೆ? ಊರಿಗೆಲ್ಲ ಹೇಳ್ತೀಯ, ನಂಗೊಬ್ಬಳಿಗೆ... ಮಾತಾಡ್ಬೇಡ, ಈಗ ನನ್ನ ಸರದಿ.

…

ಬರ್ಕೋ ಮಗು. ಹೂಂ. ಪೊಲಿಕ್ಸೆನಿ, ಎಡಗಾಲು. ನಾಳೆ ಹಡಗಿಗೆ ಬರ್ತೀನಿ. ಅಂಜೂರದ ಪಾಕ ಅಂದಿದ್ದಾಳಾ? ಅದನ್ನೂ ತರ್ತೀನಿ, ಮಾಡೋದು ನಾನೇ... ಒಂದು ಮಾತು. ಹಡಗು ಹತ್ತೋ ಮುಂಚೆ ನಾವು ಚರ್ಚಿಗೆ ಹೋಗಿ ಬರ್ಬೇಕು, ತಾಯಿಗೆ ಬಲ ಕಾಣೋ ಹಾಗೆ ಆ ಬೆಳ್ಳಿ ಕಾಲು ತಿರುಗಿಸೋದಿದೆ. ಇಬ್ಬರೂ ಹೋಗ್ತೀವಿ, ಒಬ್ಬಳಿಂದ ಆಗಲ್ಲ. ನಾನು ಅಲ್ಲಿ ಮಲಗಿದಾಗ ಇವಳು ಆಕ್ಟೋಪಸ್ ಕೆಳಗಿಳಿಸಿ ಈ ಕಂಬಿ ಹಿಡ್ಕೊಂಡು ಓಡಾಡ್ಲಿ. ಮುಂದಿನ ಫೋನು ಇವಳಿಗೆ ಮಾಡು, ಎಷ್ಟು ಹೊತ್ತಿಗಾದ್ರೂ ಮಾಡು, ಇಲ್ಲೇ ಕೂತಿರ್ತಾಳೆ...

…

ಅಳ್ತಿದ್ದಾಳೋ ನಗ್ತಿದ್ದಾಳೋ ಗೊತ್ತಾಗ್ತಿಲ್ಲ, ಎರಡೂ ಇರ್ಬೇಕು. ಅತ್ತಿಗೆ, ಕೂತ್ಕೋ. ಏಳಬೇಡ, ಹಿಡಿಯೋಕೆ ನಂಗೆ ಕೈ ಖಾಲಿ ಇಲ್ಲ. ಫೋನಿನ ತಂತಿ ಕಂಬಿಗೆ ಸುತ್ಕೊಂಡಿದೆ... ಬೆಕ್ಕು ನೋಡು, ಆಕ್ಟೋಪಸ್ ಕಚ್ಚಿತು... ಎಳೀಬೇಡ್ವೇ, ತಂತಿ ಗೋಡೆಯಿಂದ ಕಿತ್ತು...